ಜನ್ನನ ಕಲ್ಲು ಮತ್ತು ಕನ್ನಡ ಅಧ್ಯಾಪಕರ ಬಳಗ

ಭಾಷಾಧ್ಯಾಪಕರು ತಮ್ಮದೇ ಆದ ಕಲಿಕಾ ಬಳಗವೊಂದನ್ನು ಕಟ್ಟಿಕೊಳ್ಳಬೇಕೆಂಬ ಉಪದೇಶ ಇಂದಿನ ತರಬೇತಿಗಳಲ್ಲಿ ಪುನಃ ಪುನಃ ಕೇಳಿಬರುತ್ತದೆ. ಉಪದೇಶದಲ್ಲಿ ದೋಷವಿಲ್ಲ. ಆದರೆ ಅದರ ಹೆಸರಿನಲ್ಲಿ ತಲೆಯೆತ್ತಿರುವುದು ಬಹುಮಟ್ಟಿಗೆ ವಾಟ್ಸಾಪ್ ಗುಂಪು. ಅಲ್ಲಿ ಮಾದರಿ ಪ್ರಶ್ನೆಪತ್ರಿಕೆ ಬರುತ್ತದೆ, ಪದ್ಯಗಳ ಸಾರಾಂಶ ಬರುತ್ತದೆ, ಹಬ್ಬದ ಶುಭಾಶಯವೂ ಬರುತ್ತದೆ. ಯಾರೋ ಬರೆದ ಅಪಾರ್ಥವೊಂದು ಒಂದೇ ಸಂಜೆಯಲ್ಲಿ ಹತ್ತು ಶಾಲೆಗಳನ್ನು ತಲುಪುತ್ತದೆ, ತಿದ್ದಹೊರಟವರು ಅವಿನಯಿಗಳೆನಿಸುತ್ತಾರೆ. ತಿದ್ದುವ ಸ್ವಾತಂತ್ರ್ಯವಿಲ್ಲದ ಕಡೆ ಸದಸ್ಯರು ಎಷ್ಟಿದ್ದರೇನು?

ಕಡೂರು, ತರೀಕೆರೆ, ಅಜ್ಜಂಪುರಗಳಲ್ಲಿ ಈ ನಷ್ಟ ಇನ್ನೂ ದೊಡ್ಡದು. ತರೀಕೆರೆ ಸಮೀಪದ ಅಮೃತಾಪುರದ ಅಮೃತೇಶ್ವರ ದೇವಾಲಯದಲ್ಲಿ ಇಮ್ಮಡಿ ವೀರಬಲ್ಲಾಳನ ಕಾಲದ, 1197ರ ಶಾಸನವಿದೆ. ಅದನ್ನು ರಚಿಸಿದವನು ಜನ್ನ. ಯಶೋಧರ ಚರಿತೆ ಸಿದ್ಧವಾದುದು 1209ರಲ್ಲಿ, ಎಂದರೆ ಹನ್ನೆರಡು ವರ್ಷಗಳ ಅನಂತರ. ಆ ಕಾವ್ಯವನ್ನು ಅಹಿಂಸೆಯ ನೀತಿಕಥೆಯೆಂದು ಎರಡು ಪುಟದ ಟಿಪ್ಪಣಿಯಲ್ಲಿ ಮುಗಿಸುವ ಅಧ್ಯಾಪಕರು, ಅದೇ ಕವಿ ಶಿವಾಲಯವೊಂದಕ್ಕೆ ಶಾಸನ ಬರೆದುದನ್ನು ಕಲ್ಲಿನೆದುರು ನಿಂತು ಓದಿದರೆ, ‘ಜೈನಕವಿ’ ಎಂಬ ಹಣೆಪಟ್ಟಿಯನ್ನು ಅಷ್ಟು ಸುಲಭವಾಗಿ ಅಂಟಿಸಲಾರರು.

ಕಡೂರಿನ 971ರ ಶಾಸನವೂ ಹಾಗೆಯೇ. ಬೂತುಗನ ಅಕ್ಕ ಪಾಂಬಬ್ಬೆ ಕೇಶಲೋಚ ಮಾಡಿಕೊಂಡು, ಮೂವತ್ತು ವರ್ಷ ತಪಸ್ಸಿನಲ್ಲಿದ್ದು ಮುಡಿಪಿದುದನ್ನು ಅದು ಹೇಳುತ್ತದೆ. ಲೆಕ್ಕ ಹಿಂದಕ್ಕೆ ಹೋದರೆ 941ರ ಆಸುಪಾಸು, ಪಂಪನು ಆದಿಪುರಾಣವನ್ನು ಬರೆದ ವರ್ಷ. ವೈರಾಗ್ಯವನ್ನು ಕಾವ್ಯದ ಅಲಂಕಾರವೆಂದು ಬಗೆಯುವ ವಿದ್ಯಾರ್ಥಿಗೆ ಇದಕ್ಕಿಂತ ಉತ್ತಮ ವ್ಯಾಖ್ಯಾನ ಬೇಕೆ?

ಬಳಗವೆಂದರೇನೆಂಬುದಕ್ಕೆ ಜನ್ನನ ಮನೆಯೇ ನಿದರ್ಶನ. ತಂದೆ ಸುಮನೋಬಾಣ ಕಟಕೋಪಾಧ್ಯಾಯ. ಭಾವ ಮಲ್ಲಿಕಾರ್ಜುನ ಸೂಕ್ತಿಸುಧಾರ್ಣವವನ್ನು ಸಂಕಲಿಸಿದವನು. ಸೋದರಳಿಯ ಕೇಶಿರಾಜ ಶಬ್ದಮಣಿದರ್ಪಣದ ಕರ್ತೃ. ಅಜ್ಜ ಉಪಾಧ್ಯಾಯ, ಮಾವ ಕವಿ, ತಂದೆ ಸಂಕಲನಕಾರ ಆಗಿದ್ದ ಮನೆಯಲ್ಲಿ ಬೆಳೆದ ವೈಯಾಕರಣನು ಪ್ರತಿ ಸೂತ್ರಕ್ಕೂ ಕವಿಪ್ರಯೋಗದ ಆಧಾರ ಹುಡುಕಿದುದರಲ್ಲಿ ಆಶ್ಚರ್ಯವಿಲ್ಲ. ಇಂದು ವ್ಯಾಕರಣ ಕಲಿಸುವವರೂ ಕಾವ್ಯ ಕಲಿಸುವವರೂ ಒಂದೇ ಕೊಠಡಿಯಲ್ಲಿ ಕುಳಿತು ಬೇರೆ ಬೇರೆ ಗೈಡುಗಳನ್ನು ಓದುತ್ತಾರೆ.

ಅಜ್ಜಂಪುರದ ಪಾಲು ಹೊಸಗನ್ನಡದ್ದು. ಅಜ್ಜಂಪುರ ಸೀತಾರಾಮರ, ಎಂದರೆ ‘ಆನಂದ’ರ, ‘ನಾನು ಕೊಂದ ಹುಡುಗಿ’ ಕಥೆಯನ್ನು ಬಸವಿ ಪದ್ಧತಿಯ ತಿಳಿವಿಲ್ಲದೆ ಕಲಿಸಲಾಗದು. ಆ ತಿಳಿವು ಕನ್ನಡ ಅಧ್ಯಾಪಕರಲ್ಲೇ ಇರಬೇಕೆಂದಿಲ್ಲ; ಪಕ್ಕದ ಕೊಠಡಿಯ ಇತಿಹಾಸದವರಲ್ಲಿ, ಊರಿನ ಹಿರಿಯ ಹೆಂಗಸರಲ್ಲಿ ಇರಬಹುದು.

ಬಿಡುವೆಲ್ಲಿ ಎಂಬ ಆಕ್ಷೇಪವುಂಟು. ಜನಗಣತಿ, ಚುನಾವಣೆ, ಬಿಸಿಯೂಟದ ಲೆಕ್ಕ: ದೂರು ನ್ಯಾಯವಾದುದೇ. ಆದರೆ ಸಮಾಲೋಚನಾ ಸಭೆಗಳೂ ತರಬೇತಿಗಳೂ ಹೇಗೂ ನಡೆಯುತ್ತವೆ. ಆ ಹೊತ್ತೆಲ್ಲ ನಮೂನೆಗಳನ್ನು ತುಂಬುವುದರಲ್ಲೇ ಕಳೆದರೆ ಹೊಣೆ ಸಭೆ ಕರೆದವರದು. ದೂರವೂ ನೆಪವಾಗದು: ಕಡೂರು, ಅಜ್ಜಂಪುರಗಳು ಒಂದೇ ರೈಲುಮಾರ್ಗದಲ್ಲಿವೆ, ತರೀಕೆರೆಯ ಹಳಿ ಬೀರೂರಿನಲ್ಲಿ ಕವಲೊಡೆಯುತ್ತದೆ.

ಇದಕ್ಕಿಂತ ಹಾನಿಕರವಾದುದು ‘ಶಾಸನ ಸಂಶೋಧಕರ ಸೊತ್ತು’ ಎಂಬ ಮಾತು. ಲಿಪಿ ಬಾರದೆಂಬ ಅಳುಕಿಗೆ ಬಿ. ಎಲ್. ರೈಸರು 1901ರಲ್ಲೇ ಪರಿಹಾರ ಒದಗಿಸಿದ್ದಾರೆ. ಎಪಿಗ್ರಾಫಿಯ ಕರ್ನಾಟಿಕದ ಆರನೆಯ ಸಂಪುಟ ಪೂರ್ತಿಯಾಗಿ ಅಂದಿನ ಕಡೂರು ಜಿಲ್ಲೆಯದು. ಅದರಲ್ಲಿ ಅಚ್ಚುಗನ್ನಡದ ಪಾಠವಿದೆ, ಇಂಗ್ಲಿಷ್ ಅನುವಾದವಿದೆ. ಅನುವಾದದಲ್ಲಿ ಎಡವಟ್ಟುಗಳಿದ್ದರೆ ಇನ್ನೂ ಒಳ್ಳೆಯದು, ಚರ್ಚೆಗೆ ವಿಷಯ ಸಿಕ್ಕೀತು.

ಸಂಶೋಧಕರೂ ನಿರ್ದೋಷಿಗಳಲ್ಲ. ಬರುತ್ತಾರೆ, ಚಿತ್ರ ತೆಗೆಯುತ್ತಾರೆ, ವಿಚಾರಸಂಕಿರಣದಲ್ಲಿ ಪ್ರಬಂಧ ಮಂಡಿಸುತ್ತಾರೆ. ದಾರಿ ತೋರಿಸಿದ ಊರಿನ ಮೇಷ್ಟರ ಹೆಸರು ಅಡಿಟಿಪ್ಪಣಿಗೂ ಏರುವುದಿಲ್ಲ. ಅಮೃತಾಪುರದ ಶಾಸನದ ಮೇಲೆ ಬರೆದ ಲೇಖನದ ಒಂದು ಪ್ರತಿಯನ್ನು ತರೀಕೆರೆಯ ಶಾಲೆಯೊಂದಕ್ಕೆ ಅಂಚೆಯಲ್ಲಿ ಕಳಿಸಲು ತಗಲುವುದು ಕೆಲವೇ ರೂಪಾಯಿ.