ಧ್ವನಿವರ್ಧಕದಲ್ಲಿ ಸಂಧಿಕಾರ್ಯ

ವಿಜ್ಞಾನ ಪ್ರದರ್ಶನಕ್ಕೆಂದು ಪ್ರತಿವರ್ಷವೂ ಜ್ವಾಲಾಮುಖಿಯ ಮಾದರಿಗಳನ್ನೇ ಸಿದ್ಧಪಡಿಸುವ ಬದಲು, ನಮ್ಮ ಮೇಲಿನ ತರಗತಿಗಳ ವಿದ್ಯಾರ್ಥಿಗಳು ಧ್ವನಿವರ್ಧಕಕ್ಕೆ ಬೇಕಾದ ಕ್ರಾಸ್‌ಓವರ್ ಒಂದನ್ನು ತಮ್ಮ ಕೈಯಿಂದಲೇ ನಿರ್ಮಿಸಬೇಕೆಂಬುದು ನಮ್ಮ ಅಭಿಪ್ರಾಯ. ಭಾಷಾಧ್ಯಾಪಕರಿಗೆ ಈ ಗೊಡವೆ ಏಕೆಂದು ಕೇಳುವವರುಂಟು. ‘ಸರಸ್ವತಿ’ ಎಂಬ ಪದವನ್ನೇ ತೆಗೆದುಕೊಳ್ಳೋಣ. ಅದರ ಸ್ವರಗಳ ಬಲವು ಬಹುಮಟ್ಟಿಗೆ ೨,೦೦೦ ಹರ್ಟ್ಸ್‌ಗಿಂತ ಕೆಳಗಿನ ಕಂಪನಗಳಲ್ಲಿದೆ. ಸಕಾರದ ಬಲವು ಹೆಚ್ಚಾಗಿ ೪,೦೦೦ಕ್ಕೂ ಮೇಲೆ. ಮೊದಲಿನದನ್ನು ವೂಫರ್, ಎರಡನೆಯದನ್ನು ಟ್ವೀಟರ್ ನುಡಿಯುತ್ತದೆ. ಒಂದೇ ಪದವು ಎರಡು ಬಾಯಿಗಳಿಂದ ಹೊರಡುತ್ತದೆ! ಅವುಗಳ ನಡುವಣ ಸಂಧಿ ಕೆಟ್ಟರೆ ಶಕಾರ ಸಕಾರಗಳ ಭೇದವು ಸಭಿಕರಿಗೆ ತಿಳಿಯದು. ತರಗತಿಯಲ್ಲಿ ವರ್ಷವಿಡೀ ತಿದ್ದಿದ ಉಚ್ಚಾರಣೆಯೆಲ್ಲ ವಾರ್ಷಿಕೋತ್ಸವದ ದಿನ ನೀರುಪಾಲು.

ಸಾಮಾನ್ಯ ಪೆಟ್ಟಿಗೆಗಳಲ್ಲಿ ಈ ವಿಭಜನೆಯು ಆಂಪ್ಲಿಫೈಯರಿನ ನಂತರ, ತಂತಿಸುರುಳಿ ಮತ್ತು ಕೆಪಾಸಿಟರುಗಳಿಂದ ನಡೆಯುತ್ತದೆ. ಸಕ್ರಿಯ ಕ್ರಾಸ್‌ಓವರಿನಲ್ಲಾದರೋ ಅದು ಮುಂಚೆಯೇ ನಡೆದು, ವೂಫರಿಗೂ ಟ್ವೀಟರಿಗೂ ಪ್ರತ್ಯೇಕ ಆಂಪ್ಲಿಫೈಯರುಗಳಿರುತ್ತವೆ. ೧೯೭೬ರಲ್ಲಿ ಲಿಂಕ್‌ವಿಟ್ಜ್ ಪ್ರಕಟಿಸಿದ, ಇಂದು ಲಿಂಕ್‌ವಿಟ್ಜ್-ರೈಲಿ ಎಂದು ಹೆಸರಾದ ವಿನ್ಯಾಸದಲ್ಲಿ, ಸಂಧಿಸ್ಥಾನದಲ್ಲಿ ಎರಡು ಭಾಗಗಳೂ ಅರ್ಧರ್ಧ ವೋಲ್ಟೇಜನ್ನು ಒಂದೇ ಲಯದಲ್ಲಿ ಕೊಡುತ್ತವೆ, ಕೂಡಿದರೆ ಪೂರ್ಣ. ವ್ಯಾಕರಣದ ಮಾತಿನಲ್ಲಿ ಹೇಳುವುದಾದರೆ ಲೋಪವೂ ಇಲ್ಲ, ಆಗಮವೂ ಇಲ್ಲ.

ಕಷ್ಟವಿರುವುದು ಸಂಧಿಸ್ಥಾನವನ್ನು ಬದಲಿಸುವುದರಲ್ಲಿ. ಪ್ರತಿ ಸ್ಥಾಯಿಗೆ ೨೪ ಡೆಸಿಬೆಲ್ ಇಳಿಯುವ ಈ ಬಗೆಯಲ್ಲಿ ಒಂದು ಪೆಟ್ಟಿಗೆಗೇ ಎಂಟು ರೋಧಕಗಳನ್ನು ಸರಿಸಮವಾಗಿ ಬದಲಿಸಬೇಕು. ಒಂದೇ ದಂಡಕ್ಕೆ ಪೋಣಿಸಿದ ತಿರುಗುಗುಂಡಿಗಳು ಅಷ್ಟು ನಿಖರವಾಗಿ ಜೊತೆಗೂಡಿ ನಡೆಯವು. ಇಲ್ಲಿ ನೆರವಾಗುವುದು ಡಿಜಿಟಲ್ ಪೊಟೆನ್ಷಿಯೋಮೀಟರ್: ಒಂದು ಚಿಪ್ಪಿನೊಳಗೆ ನಾಲ್ಕು ರೋಧಕ ಸರಣಿಗಳು, ಪ್ರತಿಯೊಂದಕ್ಕೂ ೨೫೬ ಮೆಟ್ಟಿಲುಗಳು. ಮೈಕ್ರೋಕಂಟ್ರೋಲರ್ ಯಾವ ಮೆಟ್ಟಿಲೆಂಬುದನ್ನಷ್ಟೇ ಹೇಳುತ್ತದೆ; ಧ್ವನಿಯು ಸಂಖ್ಯೆಯಾಗಿ ಮಾರ್ಪಡದೆ ಅನಲಾಗ್ ಆಗಿಯೇ ಸಾಗುತ್ತದೆ.

ಎಲ್ಲವನ್ನೂ ಡಿಜಿಟಲ್ ಯಂತ್ರಕ್ಕೊಪ್ಪಿಸಿದರೆ ಇನ್ನೂ ಸುಲಭವಲ್ಲವೇ? ಸುಲಭವೇನೋ ಹೌದು, ಆದರೆ ಲೆಕ್ಕವು ವಿದ್ಯಾರ್ಥಿಯ ಕಣ್ಣಿಗೆ ಬೀಳದೆ ಒಳಗೇ ಮುಗಿದುಹೋಗುತ್ತದೆ. ಇಲ್ಲಿ ಹಾಗಲ್ಲ. ೧೦,೦೦೦ ಓಮಿನ ಸರಣಿಯಲ್ಲಿ ಒಂದು ಮೆಟ್ಟಿಲೆಂದರೆ ಸುಮಾರು ೩೯ ಓಮ್. ೦.೦೧ ಮೈಕ್ರೋಫ್ಯಾರಡಿನ ಕೆಪಾಸಿಟರುಗಳನ್ನಿಟ್ಟರೆ ೨೦೫ನೆಯ ಮೆಟ್ಟಿಲಿನಲ್ಲಿ ಸಂಧಿಯು ೨,೦೦೦ ಹರ್ಟ್ಸ್ ಸಮೀಪಕ್ಕೆ ಬರುತ್ತದೆ. ಅಲ್ಲಿ ಒಂದು ಹೆಜ್ಜೆಗೆ ಸುಮಾರು ೧೦ ಹರ್ಟ್ಸ್ ವ್ಯತ್ಯಾಸ. ೫೦ನೆಯದರಲ್ಲಿ ಅದೇ ಒಂದು ಹೆಜ್ಜೆಗೆ ಸುಮಾರು ೧೬೦! ವಿಲೋಮಾನುಪಾತವನ್ನು ಕರಿಹಲಗೆಯ ಮೇಲೆ ಎಷ್ಟು ಸಲ ಬರೆದರೂ ಇಷ್ಟು ಚೆನ್ನಾಗಿ ಮನಸ್ಸಿಗೆ ನಾಟದು.

ಈ ಚಿಪ್ಪುಗಳನ್ನು ಕಣ್ಣುಮುಚ್ಚಿ ನಂಬುವಂತೆಯೂ ಇಲ್ಲ. ಒಂದೇ ಚಿಪ್ಪಿನ ಸರಣಿಗಳು ಪರಸ್ಪರ ಹೊಂದಿಕೊಂಡರೂ, ಒಟ್ಟು ರೋಧವು ನಮೂದಿಸಿದ್ದಕ್ಕಿಂತ ನೂರಕ್ಕೆ ೨೦ರಷ್ಟು ಹೆಚ್ಚುಕಡಮೆಯಾಗಿರುವುದುಂಟು. ಆದ್ದರಿಂದ ಪ್ರತಿಯೊಂದನ್ನೂ ಅಳೆದೇ ಅದರ ಸಂಖ್ಯೆಯನ್ನು ಗೊತ್ತುಮಾಡಬೇಕು. ಅನೇಕ ಚಿಪ್ಪುಗಳು ೫ ವೋಲ್ಟಿಗಿಂತ ಹೆಚ್ಚನ್ನು ತಾಳವು.

ಕೊನೆಗೆ ಯಾವ ಸಂಖ್ಯೆ ಸರಿಯೆಂಬುದನ್ನು ಉಪಕರಣದೊಂದಿಗೆ ಕಿವಿಯೂ ತೀರ್ಮಾನಿಸಲಿ. ಒಬ್ಬಳು ವೇದಿಕೆಯಿಂದ ಶಶಿ, ಸಸಿ, ಶರ, ಸರ ಎಂದು ಓದಲಿ; ಸಭಾಂಗಣದ ಕಡೆಯ ಸಾಲಿನವರು ಉಕ್ತಲೇಖನ ಬರೆಯಲಿ. ಆ ಉತ್ತರಪತ್ರಿಕೆಗಳನ್ನು ತಿದ್ದಿಕೊಡಲು ನಾವು ಸಿದ್ಧರಿದ್ದೇವೆ.