ರೆಪ್ಪೆಯ ಫೋಟೊ ಸರಿ, ಎಳೆದ ಬೆರಳಿನ ಲೆಕ್ಕ?

ಕಣ್ಣಿನ ವೈದ್ಯರು ಕೆಳರೆಪ್ಪೆಯನ್ನು ಎರಡು ಬೆರಳಲ್ಲಿ ಹಿಡಿದು ಮುಂದಕ್ಕೆ ಎಳೆಯುತ್ತಾರೆ. ಅದು ಗುಡ್ಡೆಯಿಂದ ಎಷ್ಟು ದೂರ ಬಂತೆಂದು ಕಣ್ಣಳತೆಯಲ್ಲೋ ಪುಟ್ಟ ಸ್ಕೇಲಿನಲ್ಲೋ ನೋಡಿ ಬಿಡುತ್ತಾರೆ. ಥಟ್ಟನೆ ಮರಳಿ ಅಂಟಿಕೊಂಡರೆ ರೆಪ್ಪೆ ಬಿಗಿಯಾಗಿದೆ; ಮೆಲ್ಲಗೆ ಹೋದರೆ, ಇಲ್ಲವೇ ಒಮ್ಮೆ ಮಿಟುಕಿಸಿದ ಮೇಲಷ್ಟೇ ಕೂತರೆ ಸಡಿಲ. 6 ಮಿ.ಮೀ. ದಾಟಿದರೆ ಸಡಿಲ ಎನ್ನುವವರಿದ್ದಾರೆ, 8 ಎನ್ನುವವರೂ ಇದ್ದಾರೆ. ಗಡಿಯೇ ಒಂದಲ್ಲದ ಮೇಲೆ ಬೆರಳಿನಿಂದ ಬೆರಳಿಗೆ ಫಲಿತಾಂಶ ಬದಲಾಗುವುದರಲ್ಲಿ ಆಶ್ಚರ್ಯವೇನಿಲ್ಲ. ಹಾಗಾಗಿಯೇ ಈ ಅಳತೆಯನ್ನು ಫೋಟೊಗೆ ಒಪ್ಪಿಸುವ ಪ್ರಯತ್ನ ನಡೆದಿದೆ.

ಇಷ್ಟು ಸಣ್ಣ ಸಂಗತಿಗೆ ಇಷ್ಟೊಂದು ಆಸ್ಥೆ ಏಕೆ? 1981ರಲ್ಲಿ ಅಮೆರಿಕದ ವೈದ್ಯರಾದ ಕಲ್ಬರ್ಟ್‌ಸನ್ ಮತ್ತು ಆಸ್ಲರ್, ಸ್ಥೂಲಕಾಯದ 11 ಗಂಡಸರಲ್ಲಿ ಒಂದು ವಿಚಿತ್ರ ತೊಂದರೆಯನ್ನು ವರದಿ ಮಾಡಿದರು. ಅವರ ಮೇಲ್ರೆಪ್ಪೆ ರಬ್ಬರಿನಂತಿತ್ತು, ಸ್ವಲ್ಪ ಎತ್ತಿದರೂ ಮಗುಚಿಕೊಳ್ಳುತ್ತಿತ್ತು. ಮಗ್ಗುಲಾಗಿ ಮಲಗಿದಾಗ ಹೀಗೆ ಮಗುಚಿದ ರೆಪ್ಪೆ ದಿಂಬಿಗೆ ಉಜ್ಜಿ, ಬೆಳಿಗ್ಗೆ ಕಣ್ಣು ಕೆಂಪಾಗಿ, ಅಂಟಂಟಾಗಿರುತ್ತದೆ. ಇಂಥ ಹಲವರಿಗೆ ನಿದ್ರೆಯಲ್ಲಿ ಉಸಿರು ಕಟ್ಟುವ ಸ್ಲೀಪ್ ಆಪ್ನಿಯಾ ಕೂಡ ಇರುವುದು ಆಮೇಲೆ ಗೊತ್ತಾಯಿತು. ರೆಪ್ಪೆಯೊಳಗಿನ ಎಲಾಸ್ಟಿನ್ ಎಂಬ ನಾರು ಕ್ಷೀಣಿಸಿರುವುದೂ ಕಂಡುಬಂತು. ಆಪ್ನಿಯಾ ಖಚಿತಪಡಿಸಲು ರಾತ್ರಿಯಿಡೀ ಮೈಗೆ ವೈರು ಅಂಟಿಸಿಕೊಂಡು ಮಲಗಬೇಕು. ಒಂದು ಫೋಟೊ ಅದರ ಸುಳಿವು ಕೊಡುವಂತಿದ್ದರೆ ಯಾರು ಬೇಡವೆಂದಾರು?

ಫೋಟೊದ ಲಾಭ ನಿಜವೇ. ಕಪ್ಪುಗುಡ್ಡೆಯ ಅಡ್ಡಗಲ ವಯಸ್ಕರಲ್ಲಿ ಹೆಚ್ಚುಕಡಿಮೆ 12 ಮಿ.ಮೀ. ಇರುತ್ತದೆ, ಅದನ್ನೇ ಅಳತೆಗೋಲು ಮಾಡಿಕೊಳ್ಳಬಹುದು, ಅಥವಾ ಗೊತ್ತಿರುವ ಅಳತೆಯ ಸ್ಟಿಕ್ಕರನ್ನು ಹಣೆಗೆ ಅಂಟಿಸಬಹುದು. ಎದುರಿಗೆ ಕೂತ ದಪ್ಪ ಮನುಷ್ಯ ಗೊರಕೆ ಹೊಡೆಯುತ್ತಾನೆಂದು ತಿಳಿದ ವೈದ್ಯರಿಗೆ ಅವನ ರೆಪ್ಪೆ ತುಸು ಹೆಚ್ಚೇ ಸಡಿಲವಾಗಿ ಕಂಡೀತು. ರೋಗಿಯ ಹಿನ್ನೆಲೆ ಗೊತ್ತಿಲ್ಲದ ಇನ್ನೊಬ್ಬರು ಬೇರೆ ಊರಲ್ಲಿ ಕೂತು ಅದೇ ಚಿತ್ರವನ್ನು ಅಳೆದರೆ ಆ ಪೂರ್ವಗ್ರಹ ಕಳಚುತ್ತದೆ.

ಆದರೆ ಜವಳಿ ಅಂಗಡಿಗೆ ಹೋದವರಿಗೆಲ್ಲ ಒಂದು ವಿಷಯ ಗೊತ್ತು: ಹಿಗ್ಗುವ ಬಟ್ಟೆಯನ್ನು ಅಂಗಡಿಯವ ಎಳೆದು ಅಳೆದರೆ ಮೀಟರು ಸರಿಯಿದ್ದೂ ಮೋಸವಾಗುತ್ತದೆ. ಕ್ಯಾಮೆರಾ ಇಲ್ಲಿ ಆ ಮೀಟರು. ಎಳೆತ ಎಷ್ಟಿತ್ತು ಎಂಬುದು ಚಿತ್ರದಲ್ಲಿ ಎಲ್ಲೂ ದಾಖಲಾಗುವುದಿಲ್ಲ. ಇನ್ನೊಂದು ತೊಡಕು, ರೆಪ್ಪೆ ಬರುವುದು ಮುಂದಕ್ಕೆ, ಅಂದರೆ ಕ್ಯಾಮೆರಾದ ಕಡೆಗೇ. ಎದುರಿನಿಂದ ತೆಗೆದ ಚಿತ್ರಕ್ಕೆ ಆ ದೂರ ಕಾಣುವುದೇ ಇಲ್ಲ. ಪಕ್ಕದಿಂದ ತೆಗೆಯಬೇಕು, ಆಗ ಕಪ್ಪುಗುಡ್ಡೆಯ ಅಳತೆಗೋಲು ಕೈತಪ್ಪುತ್ತದೆ. ಮೇಲ್ರೆಪ್ಪೆಯನ್ನು ಮೇಲಕ್ಕೆ ಎಳೆದು ಎದುರಿನಿಂದ ತೆಗೆಯುವಾಗಲೂ 30 ಸೆಂ.ಮೀ. ದೂರದ ಮೊಬೈಲಿಗೆ 1 ಸೆಂ.ಮೀ. ಹತ್ತಿರ ಬಂದ ವಸ್ತು ಶೇ 3ರಷ್ಟು ದೊಡ್ಡದಾಗಿ ಕಾಣುತ್ತದೆ. ಇದು ಸಣ್ಣ ದೋಷ, ಒಪ್ಪೋಣ. ದೂರ ನಿಂತು ಜೂಮ್ ಮಾಡಿದರೆ ಇನ್ನೂ ಕುಗ್ಗುತ್ತದೆ. ಬೆರಳಿನ ದೋಷಕ್ಕೆ ಅಂಥ ಸುಲಭ ಪರಿಹಾರವಿಲ್ಲ.

ಫೋಟೊ ನೋಡಿ ರೋಗ ಹೇಳುವುದು ಕರ್ನಾಟಕಕ್ಕೆ ಹೊಸತಲ್ಲ. ಅವಧಿಗೆ ಮುಂಚೆ ಹುಟ್ಟಿದ ಶಿಶುಗಳ ರೆಟಿನಾ ಚಿತ್ರಗಳನ್ನು ಜಿಲ್ಲೆಗಳಲ್ಲಿ ತಂತ್ರಜ್ಞರೇ ತೆಗೆದು, ದೂರದ ತಜ್ಞರು ಓದುವ ಕಿಡ್ರಾಪ್ ಯೋಜನೆ 2008ರಲ್ಲಿ ಇಲ್ಲೇ ಶುರುವಾಯಿತು. ಆ ಯಶಸ್ಸನ್ನು ತೋರಿಸಿ ರೆಪ್ಪೆಗೂ ಅದೇ ಸಾಕು ಎನ್ನುವುದು ಅವಸರದ ಮಾತು. ರೆಟಿನಾದ ರಕ್ತನಾಳ ಯಾರು ಚಿತ್ರ ತೆಗೆದರೂ ಇದ್ದಲ್ಲೇ ಇರುತ್ತದೆ. ಸಡಿಲತೆ ಹಾಗೆ ಇದ್ದಲ್ಲಿ ಇರುವ ವಸ್ತುವಲ್ಲ. ಎಳೆದಾಗ ಮಾತ್ರ ಹೊರಬೀಳುವ ಗುಣ.

ಆದ್ದರಿಂದ ದುಡ್ಡು ಖರ್ಚು ಮಾಡುವುದಾದರೆ ಮೊದಲು ಎಳೆತಕ್ಕೆ ಮಾಡಬೇಕು: ಇಂತಿಷ್ಟೇ ಬಲ ಹಾಕುವ ಪುಟ್ಟ ಸ್ಪ್ರಿಂಗು, ತಲೆ ಅಲುಗದಂತೆ ಗದ್ದಕ್ಕೊಂದು ಆಸರೆ. ರೆಪ್ಪೆ ಮರಳುವ ವೇಗಕ್ಕೆ ಫೋಟೊಕ್ಕಿಂತ ವಿಡಿಯೊ ಮೇಲು. ಸೆಕೆಂಡಿಗೆ 240 ಚಿತ್ರ ಹಿಡಿಯುವ ಮೊಬೈಲುಗಳು ಈಗ ಅಂಗಡಿಯಲ್ಲೇ ಸಿಗುತ್ತವೆ. ಕಣ್ಣಿನ ಜೊತೆ ಮುಖವೂ ಚಿತ್ರದಲ್ಲಿ ಬೀಳುವುದರಿಂದ ರೋಗಿಯ ಒಪ್ಪಿಗೆ ಪಡೆಯದೆ ಅದನ್ನು ವಾಟ್ಸ್‌ಆ್ಯಪಿನಲ್ಲಿ ಹರಿಬಿಡುವಂತಿಲ್ಲ, ಇದನ್ನೂ ಹೇಳಬೇಕಾಗಿ ಬಂದಿದೆ.

ಇದೆಲ್ಲ ಕೂಡಿಬರುವವರೆಗೆ, ರಬ್ಬರಿನಂಥ ರೆಪ್ಪೆ ಕಂಡ ವೈದ್ಯರು ರೋಗಿಯ ಜೊತೆ ಬಂದ ಹೆಂಡತಿಯನ್ನು ಕೇಳಬಹುದು: ‘ಇವರು ಗೊರಕೆ ಹೊಡೀತಾರಾ? ನಡುನಡುವೆ ಉಸಿರು ನಿಂತಹಾಗೆ ಆಗುತ್ತಾ?’