ಪೈರು ತೋರಿಸಿದರೆ ಬೀಜ ಕೊಡುವವರು

ಬಿತ್ತನೆಗೆ ಹದ ಮುಖ್ಯ. ‘ಮೊದಲು ಪೈರು ತೋರಿಸು, ಆಮೇಲೆ ಬೀಜ ಕೊಡುತ್ತೇನೆ’ ಎನ್ನುವವನ ಮನೆಬಾಗಿಲಿಗೆ ಯಾವ ರೈತನೂ ಎರಡನೆಯ ಸಲ ಹೋಗಲಾರ. ಎಂಜಿನಿಯರಿಂಗ್ ವಿದ್ಯಾರ್ಥಿಗಳ ಆವಿಷ್ಕಾರಗಳಿಗೆಂದು ನಾವು ಮೀಸಲಿಟ್ಟಿರುವ ‘ಬೀಜಧನ’ದ ರೀತಿ ಬಹುಮಟ್ಟಿಗೆ ಇದೇ ಆಗಿದೆ.

2021ರಲ್ಲಿ ಕೇಂದ್ರ ಸರಕಾರವು 945 ಕೋಟಿ ರೂಪಾಯಿಗಳ ಸ್ಟಾರ್ಟಪ್ ಇಂಡಿಯಾ ಸೀಡ್ ಫಂಡ್ ಯೋಜನೆಯನ್ನು ಜಾರಿಗೆ ತಂದಿತು. ಮಾದರಿ ತಯಾರಿಕೆಗೆ 20 ಲಕ್ಷದವರೆಗೆ ಅನುದಾನವುಂಟು. ಉದ್ದೇಶ ಒಳ್ಳೆಯದೇ. ಆದರೆ ಅರ್ಜಿದಾರನು ನೋಂದಣಿಯಾಗಿ ಮಾನ್ಯತೆ ಪಡೆದ ಉದ್ಯಮವಾಗಿರಬೇಕು. ಮೂರನೆಯ ವರ್ಷದ ಮೆಕ್ಯಾನಿಕಲ್ ವಿದ್ಯಾರ್ಥಿಗೆ ಬೇಕಾದುದು 20 ಲಕ್ಷವಲ್ಲ, 20 ಸಾವಿರ. ಅಷ್ಟಕ್ಕಾಗಿ ಆತ ಕಂಪನಿ ಕಟ್ಟಿ, ಲೆಕ್ಕಪರಿಶೋಧಕರನ್ನು ಹಿಡಿದು, ವರ್ಷವರ್ಷವೂ ವಿವರಪಟ್ಟಿ ಸಲ್ಲಿಸುತ್ತ ಕೂರಬೇಕೆ?

ವಿಶಾಖಪಟ್ಟಣದಲ್ಲಿ ನಮ್ಮ ನೆರೆಮನೆಯ ಹುಡುಗನೊಬ್ಬ ಮೀನು ಒಣಗಿಸುವ ಪುಟ್ಟ ಯಂತ್ರವೊಂದನ್ನು ಯೋಚಿಸಿದ್ದ. ಮರಳಿನ ಮೇಲೆ ಮೀನು ಹರಡಿ, ಮೋಡ ಕವಿದರೆ ಎತ್ತಲು ಓಡುವ ಹೆಂಗಸರನ್ನು ಕಂಡು ಹುಟ್ಟಿದ ಯೋಚನೆ ಅದು. ಕಾಲೇಜು ಅವನನ್ನು ಸ್ಪರ್ಧೆಗೆ ಕಳುಹಿಸಿತು. ಶಾಲು, ಫಲಕ, ಛಾಯಾಚಿತ್ರ ಎಲ್ಲವೂ ಬಂದವು; ತಗಡು, ಫ್ಯಾನು, ಸೆನ್ಸರುಗಳಿಗೆ ಹಣ ಮಾತ್ರ ಬರಲಿಲ್ಲ. ಇಂದು ಆತ ಹೈದರಾಬಾದಿನಲ್ಲಿ ಯಾರದೋ ಸಾಫ್ಟ್‌ವೇರನ್ನು ಪರೀಕ್ಷಿಸುತ್ತಿದ್ದಾನೆ. ಮೀನು ಮರಳಿನ ಮೇಲೆಯೇ ಒಣಗುತ್ತಿದೆ.

‘ಎಳೆಯರ ಕೈಗೆ ಸಾರ್ವಜನಿಕ ಹಣ ಕೊಟ್ಟರೆ ಪೋಲಾಗದೆ?’ ಎಂದು ಕೇಳುವವರಿದ್ದಾರೆ. ನಾನೂ ಸರಕಾರಿ ಕಡತಗಳ ನಡುವೆಯೇ ಬದುಕುವವನು. ಹಣಬಳಕೆ ಪ್ರಮಾಣಪತ್ರದ ಬೆಲೆ ಬಲ್ಲೆ. ಆದರೆ ಆ ಪತ್ರ ಹಣ ಖರ್ಚಾಯಿತೆಂದು ಹೇಳುತ್ತದೆಯೇ ಹೊರತು ಏನು ಕಲಿತೆವೆಂದು ಹೇಳುವುದಿಲ್ಲ. ಗಾಜಿನ ಕೋಣೆ, ಬಣ್ಣದ ಕುರ್ಚಿ, ಉದ್ಘಾಟನೆಯ ಬ್ಯಾನರುಗಳಿಗೆ ರಸೀದಿ ಸಲೀಸಾಗಿ ಸಿಗುತ್ತದೆ. ಸುಟ್ಟುಹೋದ ಮೋಟಾರಿಗೆ ಸಮಜಾಯಿಷಿ ಬರೆಯಬೇಕಾಗುತ್ತದೆ. ಆದರೂ ವಿದ್ಯೆ ಹುಟ್ಟುವುದು ಆ ಸುಟ್ಟ ಮೋಟಾರಿನಿಂದಲೇ.

ದಾರಿ ಇಲ್ಲವೆಂದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ನಾಲ್ಕು ದಶಕಗಳಿಗೂ ಮಿಕ್ಕಿ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಪ್ರಾಜೆಕ್ಟುಗಳಿಗೆ ಕೆಲವೇ ಸಾವಿರ ರೂಪಾಯಿಗಳ ನೆರವು ಕೊಡುತ್ತ ಬಂದಿದೆ. ಅದಕ್ಕೆ ಕಂಪನಿ ಬೇಡ, ಮಾರ್ಗದರ್ಶಕ ಅಧ್ಯಾಪಕರಿದ್ದರೆ ಸಾಕು. ಮೊತ್ತ ಸಣ್ಣದು, ಕ್ರಮ ಸರಿಯಾದುದು.

ಆಂಧ್ರ ವಿಶ್ವವಿದ್ಯಾಲಯ 1926ರಲ್ಲಿ ಆರಂಭವಾದದ್ದು ಅಂದಿನ ಬೆಜವಾಡ, ಇಂದಿನ ವಿಜಯವಾಡದಲ್ಲಿ. ವಿಶಾಖಪಟ್ಟಣದ ವಾಲ್ಟೇರಿಗೆ ಬಂದದ್ದು ಆಮೇಲೆ. ಅದರ ಮೊದಲ ಕುಲಪತಿ ಕಟ್ಟಮಂಚಿ ರಾಮಲಿಂಗಾ ರೆಡ್ಡಿಯವರು ಅದಕ್ಕೆ ಮುನ್ನ ಮೈಸೂರಿನಲ್ಲಿ ಅಧ್ಯಾಪಕರಾಗಿ, ಶಿಕ್ಷಣ ಇಲಾಖೆಯ ಮುಖ್ಯಸ್ಥರಾಗಿ ದುಡಿದವರು. ಮೈಸೂರಿನಿಂದ ಆಂಧ್ರಕ್ಕೆ ಅಂದು ಒಬ್ಬ ವಿದ್ವಾಂಸರ ಅನುಭವ ಬಂದಿತು. ಇಂದು ಒಂದು ಪದ್ಧತಿ ಬರಬಾರದೇಕೆ?

2025ರಲ್ಲಿ ರತನ್ ಟಾಟಾ ಇನ್ನೊವೇಶನ್ ಹಬ್ ಆಂಧ್ರದಲ್ಲಿ ಆರಂಭವಾಗಿದೆ. ಸ್ವಾಗತಾರ್ಹ. ಆದರೆ ವಿಜಯವಾಡದ ಆಟೋನಗರದಲ್ಲಿ ಲಾರಿಗೆ ಮೈಕಟ್ಟುವ, ಲೇತಿನ ಮುಂದೆ ನಿಂತು ದುಡಿಯುವ ಮೇಸ್ತ್ರಿಗಳೂ ಇದ್ದಾರೆ. ವಿದ್ಯಾರ್ಥಿಯ ನಕಾಶೆಯನ್ನು ವಸ್ತುವಾಗಿಸಬಲ್ಲ ಕೈಗಳು ಅವು. ಆ ಕೈಗೆ ಕೂಲಿ ಕೊಡುವಷ್ಟು ಹಣ ವಿದ್ಯಾರ್ಥಿಯ ಬಳಿ ಇರಬೇಕು.

ಕೇಳಬೇಕಾದುದು ಇಷ್ಟೇ: ಸಣ್ಣ ಮೊತ್ತ, ಅನೇಕರಿಗೆ, ಮೂರನೆಯ ವರ್ಷದಲ್ಲಿಯೇ, ಆವಿಷ್ಕಾರದ ಒಡೆತನ ವಿದ್ಯಾರ್ಥಿಯದು, ಸೋತರೆ ಪ್ರಾಮಾಣಿಕ ವರದಿ ಸಾಕು, ಹಣದ ವಸೂಲಿ ಬೇಡ. ಗೆದ್ದವನು ಕಂಪನಿಯನ್ನು ಆಮೇಲೆ ಕಟ್ಟಿಕೊಳ್ಳಲಿ. ಬಿತ್ತಿದ ಕಾಳೆಲ್ಲವೂ ಮೊಳೆಯದೆಂದು ಯಾವ ರೈತನೂ ಬಿತ್ತನೆ ನಿಲ್ಲಿಸಿಲ್ಲ.